ಎಂಜಿನ್ ಕೂತಿತು, ಸಂದು ಸಾಲಲಿಲ್ಲ

ಟಾಟಾ ಲಾರಿಯ ಎಂಜಿನ್ ಹೆಸರಿನಲ್ಲೇ ಅದರ ಜಾತಕ ಇರುತ್ತದೆ. 692 ಅಂದರೆ ಆರು ಸಿಲಿಂಡರ್, ಒಂದೊಂದರ ಬೋರು 92 ಮಿಲಿಮೀಟರ್. 697 ಅಂದರೆ ಅದೇ ಆರು, ಬೋರು 97. ಮೊದಲನೆಯದು 4.8 ಲೀಟರಿನದು, ಎರಡನೆಯದು ಸುಮಾರು 5.7. ಟಾಟಾದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೂಡಿ ಲಾರಿ ಕಟ್ಟಲು ಶುರುಮಾಡಿದರಲ್ಲ, ಆ ಮನೆತನದ ಅಣ್ಣತಮ್ಮಂದಿರು ಇವು. ಅದಕ್ಕೇ ಆದೋನಿ, ಸಿರುಗುಪ್ಪ ಕಡೆ ಹಳೆ 1210 ಇಟ್ಟುಕೊಂಡವರು 692 ಸವೆದರೆ 697 ತಂದು ಕೂರಿಸುತ್ತಾರೆ. "ಅಣ್ಣನ ಅಂಗಿ ತಮ್ಮಗ ಆಗಲ್ದೇನ್ರಿ" ಅನ್ನೋ ಲೆಕ್ಕ. ಆಗತೈತಿ, ಬಗಲಾಗ ಬಿಗೀತೈತಿ.

ನನ್ನ ಬಾಮೈದ ಹೋದ ಹತ್ತಿ ಸೀಸನ್ನಿಗೆ ಮುಂಚೆ ಟರ್ಬೊ ಇರುವ 697 ಹಾಕಿಸಿದ. ಹೈವೇ ಮೇಲಿನ ಒಂದು ಗ್ಯಾರೇಜಿನವರು ಎರಡೇ ದಿನಕ್ಕೆ ಕೂರಿಸಿಕೊಟ್ಟರು. ನಿಂತಲ್ಲಿ ಚೆನ್ನಾಗಿ ಓಡಿತು. ಹತ್ತಿ ಹೇರಿದ ಮೇಲೆ ಮೂರು ಕಡೆ ತಕರಾರು. ಆದೋನಿಯ ನಮ್ಮ ಹಳೇ ಸಾಬರ ಹತ್ತಿರ ಒಯ್ದಾಗ ಅವರು ಬಾನೆಟ್ ಎತ್ತಿ, "ನಿಂತ ಗಾಡಿ ಸುಳ್ಳು ಹೇಳ್ತದಣ್ಣಾ, ಓಡೋ ಗಾಡೀನ ಕೇಳಬೇಕು" ಅಂದರು.

ಮೊದಲನೆಯದು ಫ್ಯಾನು. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಎಂಜಿನ್ ರಬ್ಬರಿನ ಮೇಲೆ ಮುಂದಕ್ಕೆ ತೂಗಿ, ಫ್ಯಾನು ರೇಡಿಯೇಟರಿಗೆ ಕೆರೆಯುತ್ತಿತ್ತು. ಇದಕ್ಕೆ ಕೆಲವರು ಫ್ಯಾನಿನ ರೆಕ್ಕೆ ತುದಿ ಕತ್ತರಿಸುತ್ತಾರೆ. ತೂಕ ತಪ್ಪಿದ ಫ್ಯಾನು ಅದುರಿ ಅದುರಿ ವಾಟರ್ ಪಂಪಿನ ಬೇರಿಂಗ್ ತಿನ್ನುತ್ತದೆ. ಸಾಬರು ರೆಕ್ಕೆ ಮುಟ್ಟಲಿಲ್ಲ. ಸತ್ತುಹೋದ ಮೌಂಟಿಂಗ್ ರಬ್ಬರ್ ಬದಲಿಸಿ, ರೇಡಿಯೇಟರಿನ ಬ್ರಾಕೆಟ್ ತೂತುಗಳನ್ನು ಅರ್ಧ ಇಂಚು ಮುಂದಕ್ಕೆ ಸರಿಸಿದರು. ಎರಡು ಬೆರಳು ಸಂದು ಬಂತು.

ಎರಡನೆಯದು ಎಣ್ಣೆ ಚೇಂಬರ್. ಗುಂಡಿಗೆ ಬಿದ್ದಾಗ ಮುಂದಿನ ಆಕ್ಸಲ್ ಮೇಲೆದ್ದು ಚೇಂಬರಿಗೆ ಬಡಿಯುತ್ತಿತ್ತು. ಎಷ್ಟು ಜಾಗ ಇದೆಯೆಂದು ಅಳೆದದ್ದು ಹೇಗೆ ಗೊತ್ತೇ? ಗೋಧಿ ಹಿಟ್ಟು ಗಟ್ಟಿಯಾಗಿ ಕಲಸಿ, ಆಕ್ಸಲ್ ಮೇಲೆ ಮುಷ್ಟಿಯಷ್ಟು ಉಂಡೆ ಅಂಟಿಸಿ, ಹೇರಿದ ಲಾರಿಯನ್ನು ಹಳ್ಳದ ದಾರಿಯಲ್ಲಿ ಓಡಿಸಿದರು. ಹಿಂದಕ್ಕೆ ಬಂದಾಗ ಉಂಡೆ ಚಪಾತಿ ಆಗಿತ್ತು. ಬಾನೆಟ್ಟಿಗೂ ಏರ್ ಕ್ಲೀನರಿಗೂ ನಡುವೆ ಇಟ್ಟ ಉಂಡೆ ಮಾತ್ರ ದಪ್ಪಗೇ ಇತ್ತು, ಅಲ್ಲಿ ಚಿಂತೆಯಿಲ್ಲ.

ಮೌಂಟಿಂಗ್ ಕೆಳಗೆ ಪಟ್ಟಿ ಇಟ್ಟು ಎಂಜಿನ್ ಎತ್ತೋಣ ಅಂದ ಬಾಮೈದ. "ಮೆಲ್ಲಗಾ!" ಅಂದರು ಸಾಬರು ತೆಲುಗಿನಲ್ಲಿ. ಮುಂದೆ ಮಾತ್ರ ಎತ್ತಿದರೆ ಗೇರ್‌ಬಾಕ್ಸ್ ಬಾಲ ಕೆಳಗಾಗಿ ಜಾಯಿಂಟ್ ಶಾಫ್ಟಿನ ಕೋನ ಕೆಡುತ್ತದೆ, ಕ್ರಾಸುಗಳು ಬೇಗ ಸವೆಯುತ್ತವೆ. ಮೊದಲು ಹಳೆ ಎಂಜಿನ್ನಿನ ಚೇಂಬರ್ ಬೋಲ್ಟಿಗೆ ಬೋಲ್ಟು ಕೂರುತ್ತದೆಯೋ ನೋಡಿದರು. ಕೂತಿತು. ಜೊತೆಗೆ ಎಣ್ಣೆ ಎಳೆಯುವ ಜಾಲರಿಯನ್ನೂ ಹಳೆಯದನ್ನೇ ಹಾಕಿದರು. ಚೇಂಬರ್ ಒಂದರದು, ಜಾಲರಿ ಇನ್ನೊಂದರದು ಆದರೆ ಏರಿನಲ್ಲಿ ಎಣ್ಣೆ ಸಿಗದೆ ಕ್ರ್ಯಾಂಕ್ ಹಿಡಿದುಕೊಳ್ಳಬಹುದು.

ಮೂರನೆಯದೇ ನನಗೆ ಎದೆ ಝಲ್ ಎನ್ನಿಸಿದ್ದು. ಟರ್ಬೊ ಮಗ್ಗುಲಿಗೇ ಬ್ರೇಕ್ ಪೈಪು, ಡೀಸೆಲ್ ನಳಿಕೆ, ಒಂದು ಬೆರಳೂ ದೂರವಿಲ್ಲ. ಭಾರ ಎಳೆಯುವಾಗ ಟರ್ಬೊ ಮೈ ಸುಡುಗಬ್ಬಿಣ. ಹಿಂದೆ ಹೇರಿದ್ದೇನು, ಹತ್ತಿ! ಡೀಸೆಲ್ ನಳಿಕೆ ಅಲ್ಲಿ ಕರಗಿದ್ದರೆ ಲಾರಿಯ ಜೊತೆ ಊರಿನ ನಾಲ್ಕು ಮನೆಯವರ ಬೆಳೆಯೂ ಬೂದಿ. ಸಾಬರು ಎರಡೂ ನಳಿಕೆಗಳನ್ನು ಚಾಸಿಯ ಆಚೆ ಮಗ್ಗುಲಿಗೆ ಒಯ್ದು ಕ್ಲಿಪ್ ಹಾಕಿದರು. ನಡುವೆ ಗಾಳಿಯಾಡುವಂತೆ ತಗಡಿನ ಮರೆ ಕಟ್ಟಿದರು. ತಗಡು ನಳಿಕೆಗೆ ಅಂಟಿಕೊಂಡರೆ ಮರೆಯೇ ಬಿಸಿಯನ್ನು ದಾಟಿಸುತ್ತದೆ.

ಸಂದು ಅನ್ನೋ ಮಾತು ತೆಲುಗಿಗೂ ಐತಿ, ಕನ್ನಡಕ್ಕೂ ಐತಿ. ತೆಲುಗಿನಲ್ಲಿ ಓಣಿ, ಬಿರುಕು. ಕನ್ನಡದಲ್ಲಿ ಕೀಲನ್ನೂ ಸಂದು ಅಂತೀವಿ. ಎರಡೂ ಅರ್ಥ ಬಲ್ಲವನೇ ಮಿಸ್ತ್ರಿ ಆಗಬೇಕು ಅನ್ನಿಸಿತು.

ಇನ್ನು ಕಾಗದದ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದಲ್ಲಿ ಮಾಡುವ ಮಾರ್ಪಾಡಿಗೆ ಸಂಬಂಧಿಸಿದ್ದು. ಎಂಜಿನ್ ಬದಲಾದರೆ ಆರ್‌ಸಿಯಲ್ಲಿ ಹೊಸ ನಂಬರು ಏರಬೇಕು. ತಾಳೆಯಾಗದಿದ್ದರೆ ರಸ್ತೆಯಲ್ಲಿ ತಡೆಯುವವರು ಒಂದು ಕಡೆ, ಅಪಘಾತವಾದರೆ ತಕರಾರು ತೆಗೆಯುವ ವಿಮೆಯವರು ಇನ್ನೊಂದು ಕಡೆ. ಎಂಜಿನ್ ಕೊಳ್ಳುವಾಗಲೇ ಮಾರಿದವರ ರಸೀದಿ, ಹಳೆ ಲಾರಿಯ ಕಾಗದ ಇಸಿದುಕೊಳ್ಳಿ. ಬಾಮೈದ ಆ ರಸೀದಿಗಾಗಿ ಮೂರು ಸಲ ಅಲೆದು ತಂದ.