ಗಾಲ್ಫ್ ಮೈದಾನಕ್ಕೆ ಸಾಮೂಹಿಕ ಪ್ರವಾಸ: ಹೊರಡುವ ಮೊದಲು ನೋಡಬೇಕಾದ ಲೆಕ್ಕ

ವ್ಯಾಪಾರವು ಅಂಗಡಿಯ ಗಾದಿಯ ಮೇಲಷ್ಟೇ ನಡೆಯುವುದಿಲ್ಲ ಎಂಬುದು ನಮ್ಮ ಹಿರಿಯರಿಗೂ ತಿಳಿದಿತ್ತು. ಜಾತ್ರೆ, ಮದುವೆ, ಬೆಳೆ ನೋಡಲು ಹೋದ ಹೊಲದ ಬದು ಇವೆಲ್ಲ ಮಾತುಕತೆಯ ಸ್ಥಳಗಳೇ ಆಗಿದ್ದವು. ಈಗ ಆ ಪಟ್ಟಿಗೆ ಗಾಲ್ಫ್ ಮೈದಾನವೂ ಸೇರುತ್ತಿದೆ. ಮಹಾಗಾಂವದ ವ್ಯಾಪಾರಿ ಮಿತ್ರರೊಬ್ಬರು ಇತ್ತೀಚೆಗೆ ನನ್ನ ಕಚೇರಿಗೆ ಬಂದು, "ಸಾಹೇಬ್ರ, ಹದಿನಾರು ಮಂದಿ ಗಾಲ್ಫ್ ಆಡ್ಲಿಕ್ಕೆ ಹೊಂಟೀವ್ರಿ. ಖರ್ಚು ಫರ್ಮಿನ ಖಾತೆಗೆ ಹಾಕ್ಲಿಕ್ಕೆ ಬರ್ತದೇನ್ರಿ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಹೊರಡುವ ಮೊದಲು ಕೇಳಿದ್ದು ಅವರ ಜಾಣತನ. ಹೆಚ್ಚಿನವರು ಮರಳಿ ಬಂದ ಮೇಲೆ ಬಿಲ್ಲುಗಳ ಕಟ್ಟನ್ನು ಹಿಡಿದು ಕೇಳುತ್ತಾರೆ.

ನಾನೂ ಒಮ್ಮೆ ಎಡವಿದವನೇ. ಕೆಲವು ವರ್ಷಗಳ ಹಿಂದೆ ಇಂತಹದೇ ಒಂದು ತಂಡಕ್ಕೆ ಖಜಾಂಚಿಯಾಗಿದ್ದೆ. ಹದಿನಾರು ಮಂದಿ ಬಾಯಿಮಾತಿನಲ್ಲಿ ಒಪ್ಪಿದ್ದರು. ಮೈದಾನಕ್ಕೆ ಹದಿನಾರು ಮಂದಿಯ ಹಣ ಕಟ್ಟಿದೆ. ಬಂದವರು ಹನ್ನೊಂದು ಮಂದಿ. ಉಳಿದ ಐದು ಸ್ಥಾನಗಳ ಹಣವನ್ನು ಯಾರು ಭರಿಸಬೇಕೆಂಬ ವಿಷಯದಲ್ಲಿ ಇಪ್ಪತ್ತು ವರ್ಷಗಳ ಗೆಳೆಯರಿಬ್ಬರು ಮಾತು ಬಿಟ್ಟರು. ಕೊನೆಗೆ ಹಣ ಹೋದದ್ದು ನನ್ನ ಜೇಬಿನಿಂದ. ಅನ್ಯರ ಲೆಕ್ಕ ತಪಾಸಣೆ ಮಾಡುವವನು ತನ್ನ ಲೆಕ್ಕವನ್ನೇ ಕಾಗದಕ್ಕೆ ಇಳಿಸದೆ ಹೋದದ್ದರ ಫಲವಿದು.

ಮೈದಾನ ಮತ್ತು ದಿನಾಂಕ

ಚಾಂಪಿಯನ್‌ಶಿಪ್ ದರ್ಜೆಯ ಮೈದಾನವೆಂದರೆ ದೊಡ್ಡ ಪಂದ್ಯಾವಳಿ ನಡೆಸಲು ತಕ್ಕ ಉದ್ದಳತೆಯುಳ್ಳ 18 ಕುಳಿಗಳ ಮೈದಾನ. ಭಾರತಕ್ಕೆ ಈ ಆಟ ಹೊಸದಲ್ಲ; ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಅದೇ ನಗರದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನದಲ್ಲಿ 2012ರ ಇಂಡಿಯನ್ ಓಪನ್ ನಡೆಯಿತು. ನಂದಿ ಬೆಟ್ಟದ ಕಡೆಗೆ ಪ್ರೆಸ್ಟೀಜ್ ಗಾಲ್ಫ್‌ಶೈರ್ ಇದೆ. ನಮಗೆ ಹತ್ತಿರವಾದದ್ದು ಹೈದರಾಬಾದ್. ಅಲ್ಲಿ ಗೋಲ್ಕೊಂಡ ಕೋಟೆಯ ನಯಾ ಕಿಲಾ ಬಳಿ ಒಂದು, ಗಚ್ಚಿಬೌಲಿಯಲ್ಲಿ ಬೌಲ್ಡರ್ ಹಿಲ್ಸ್ ಇನ್ನೊಂದು. ಮಹಾಗಾಂವ ಕ್ರಾಸ್‌ನಿಂದ ಹುಮನಾಬಾದ್ ತಲುಪಿ, ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಜಹೀರಾಬಾದ್, ಸಂಗಾರೆಡ್ಡಿ ಮಾರ್ಗವಾಗಿ ಬಸ್ಸಿನಲ್ಲಿ ಹೋಗಬಹುದು. ಸದಸ್ಯರ ಕ್ಲಬ್ಬುಗಳಲ್ಲಿ ಅತಿಥಿಗಳಿಗೆ ಸದಸ್ಯರೊಬ್ಬರ ಪರಿಚಯ ಬೇಕಾಗುವುದುಂಟು. ಅದನ್ನು ಮೊದಲೇ ವಿಚಾರಿಸತಕ್ಕದ್ದು.

ಆಟಕ್ಕೆ ಹಿತವಾದ ಹವೆ ನವೆಂಬರ್‌ನಿಂದ ಫೆಬ್ರುವರಿವರೆಗೆ. ಆದರೆ ಡಿಸೆಂಬರ್ ಬಂತೆಂದರೆ ನಮ್ಮಲ್ಲಿ ಹೊಸ ತೊಗರಿಯ ಆವಕ ಆರಂಭವಾಗುತ್ತದೆ. ಆಗ ಅಡತ್ ವ್ಯಾಪಾರಿಗಾಗಲಿ ದಾಲ್ ಮಿಲ್ ಮಾಲೀಕನಿಗಾಗಲಿ ಬಿಡುವಿಲ್ಲ. ಪ್ರತಿ ತಿಂಗಳ 20ನೇ ತಾರೀಖು ಜಿಎಸ್‌ಟಿ ವಿವರಣೆಯ ಗಡುವು. ಆದ್ದರಿಂದ ನವೆಂಬರ್ 21ರ ನಂತರದ ವಾರದ ನಡುವಿನ ದಿನಗಳು ನಮ್ಮವರಿಗೆ ಅನುಕೂಲ.

ತಂಡದ ವ್ಯವಸ್ಥೆ

ನಾಲ್ವರಿಗೆ ಒಂದು ಗುಂಪು. ಹದಿನಾರು ಮಂದಿಯೆಂದರೆ ನಾಲ್ಕು ಗುಂಪು, ನಡುವೆ ಸುಮಾರು ಹತ್ತು ನಿಮಿಷಗಳ ಅಂತರ. 18 ಕುಳಿಗಳ ಆಟಕ್ಕೆ ನಾಲ್ಕರಿಂದ ಐದು ಗಂಟೆ ಬೇಕು. ಪ್ರತಿ ಗುಂಪಿನಲ್ಲಿಯೂ ಒಬ್ಬ ಅನುಭವಿ ಇರಲಿ. ಎಂದೂ ಆಡದವರನ್ನು ನೇರವಾಗಿ ಮೈದಾನಕ್ಕೆ ಇಳಿಸುವುದು ಸಲ್ಲದು. ಹಿಂದೆ ಬರುವ ಗುಂಪುಗಳಿಗೆ ತೊಂದರೆಯಾಗುತ್ತದೆ. ಅವರಿಗೆ ಅಭ್ಯಾಸದ ಅಂಗಳವಾದ ಡ್ರೈವಿಂಗ್ ರೇಂಜ್ ಸಾಕು. ಮಿಶ್ರ ತಂಡಕ್ಕೆ "ಸ್ಕ್ರ್ಯಾಂಬಲ್" ಪದ್ಧತಿ ಹೊಂದುತ್ತದೆ: ಎಲ್ಲರೂ ಹೊಡೆದು, ಅತ್ಯುತ್ತಮವಾಗಿ ಬಿದ್ದ ಚೆಂಡಿನ ಸ್ಥಳದಿಂದ ಎಲ್ಲರೂ ಮುಂದಿನ ಹೊಡೆತ ಹೊಡೆಯುವುದು. ಕಾಲರ್ ಇರುವ ಅಂಗಿ, ಸೂಕ್ತ ಬೂಟು, ಕ್ಯಾಡಿಗಳ ಸಂಭಾವನೆ ಇವುಗಳ ನಿಯಮವನ್ನು ಮೊದಲೇ ಬರೆದು ತಿಳಿಸಬೇಕು.

ಯಾರ ಲೆಕ್ಕದ ಖರ್ಚು?

ಎಲ್ಲಕ್ಕಿಂತ ಮೊದಲು ನಿರ್ಧರಿಸಬೇಕಾದುದು ಇದನ್ನೇ. ಆಡುವವರು ತಾವೇ ಹಂಚಿಕೊಳ್ಳುವುದು ಒಂದು ಬಗೆ. ಫರ್ಮು ತನ್ನ ಡೀಲರುಗಳನ್ನು ಕರೆದೊಯ್ಯುವುದು ಇನ್ನೊಂದು. ಇವೆರಡನ್ನೂ ಬೆರೆಸಬಾರದು.

ಮೊದಲನೆಯದರಲ್ಲಿ ಸ್ಥಿರ ವೆಚ್ಚದ ಕಡೆ ಲಕ್ಷ್ಯವಿರಲಿ. ಉದಾಹರಣೆಗೆ ಬಸ್ಸಿನ ಬಾಡಿಗೆ 32,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹದಿನಾರು ಮಂದಿಗೆ ತಲಾ 2,000. ಹನ್ನೊಂದು ಮಂದಿಯಾದರೆ ತಲಾ 2,909. ಆದ್ದರಿಂದ ಒಂದು ಪುಟದ ಕರಾರು ಸಾಕು: ಪಾಲಿನ ಮೊತ್ತ, ಮುಂಗಡ, ಯಾವ ದಿನಾಂಕದ ನಂತರ ಹಣ ಮರಳುವುದಿಲ್ಲ, ಬರಲಾಗದವರು ಬದಲಿ ವ್ಯಕ್ತಿಯನ್ನು ಕಳುಹಿಸಬಹುದೇ. ಮುಂಗಡ ಬಂದ ಮೇಲೆಯೇ ಹೆಸರು ಬರೆದುಕೊಳ್ಳಬೇಕು. ಪಾಲುದಾರನೊಬ್ಬ ತನ್ನ ಪಾಲನ್ನು ಫರ್ಮಿನಿಂದ ಕೊಟ್ಟರೆ ಅದು ಅವನ ಸ್ವಂತ ಖರ್ಚು. ಡ್ರಾಯಿಂಗ್ಸ್ ಖಾತೆಗೆ ಹೋಗಬೇಕೇ ಹೊರತು ವ್ಯಾಪಾರ ವೆಚ್ಚಕ್ಕಲ್ಲ.

ಎರಡನೆಯ ಬಗೆಯಲ್ಲಿ ತೆರಿಗೆಯ ಪ್ರಶ್ನೆ ಏಳುತ್ತದೆ. 2022ರ ಜುಲೈ 1ರಿಂದ ಜಾರಿಗೆ ಬಂದ 194ಆರ್ ಕಲಮಿನಂತೆ, ವ್ಯಾಪಾರ ಸಂಬಂಧದಿಂದ ಒಬ್ಬರಿಗೆ ವರ್ಷದಲ್ಲಿ ಕೊಟ್ಟ ಸೌಲಭ್ಯದ ಮೌಲ್ಯ 20,000 ರೂಪಾಯಿ ಮೀರಿದರೆ ಶೇ. 10ರಷ್ಟು ತೆರಿಗೆ ಕಡಿತ ಮಾಡಬೇಕು. 2025ರ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬೇರೆಯಾದರೂ ತತ್ವ ಅದೇ. ದೀಪಾವಳಿಗೆ ಕೊಟ್ಟ ಬೆಳ್ಳಿಯ ಉಡುಗೊರೆಯೂ ಈ ಮೊತ್ತದಲ್ಲಿ ಸೇರುತ್ತದೆ. ಪ್ರವಾಸದ ತಲಾ ಖರ್ಚು 24,000 ಆದರೆ ತೆರಿಗೆ 2,400. ಮೀರಿದ 4,000ದ ಮೇಲಲ್ಲ, ಪೂರ್ತಿ ಮೊತ್ತದ ಮೇಲೆ. ಹಿಂದಿನ ವರ್ಷದ ವಹಿವಾಟು 1 ಕೋಟಿ ಮೀರದ ವ್ಯಾಪಾರಿಗೆ ಕಡಿತದ ಹೊಣೆಯಿಲ್ಲ. ಆದರೆ ಈ ವಿನಾಯಿತಿ ವ್ಯಕ್ತಿಗಳಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಗಳಿಗೆ ಮಾತ್ರ, ಪಾಲುದಾರಿಕೆ ಫರ್ಮಿಗಲ್ಲ.

ಸರಕಿನ ಬಗ್ಗೆ ಡೀಲರುಗಳಿಗೆ ತಿಳಿವಳಿಕೆ ನೀಡುವ ಸಮ್ಮೇಳನದ ಖರ್ಚು ಬೇರೆ, ವಿಹಾರದ ಖರ್ಚು ಬೇರೆ. ಎರಡಕ್ಕೂ ಪ್ರತ್ಯೇಕ ಬಿಲ್ಲು ಪಡೆಯಿರಿ. ಸಾಮೂಹಿಕ ಕಾರ್ಯಕ್ರಮದಲ್ಲಿ ತಲಾ ಮೌಲ್ಯ ಹಂಚುವುದು ಕಷ್ಟವಾದರೆ, ಆ ಖರ್ಚನ್ನು ವೆಚ್ಚವಾಗಿ ತೋರಿಸದೆ ಬಿಟ್ಟು ಕಡಿತದ ಹೊಣೆಯಿಂದ ಮುಕ್ತರಾಗಲು ಕೇಂದ್ರ ನೇರ ತೆರಿಗೆ ಮಂಡಳಿಯ 2022ರ 18ನೇ ಸುತ್ತೋಲೆ ಅವಕಾಶ ಕೊಟ್ಟಿದೆ. ಆಟ, ಊಟೋಪಚಾರಗಳ ಮೇಲಿನ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯುವ ಆಸೆ ಬೇಡ. ಒಬ್ಬರಿಗೆ ಒಂದು ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದು ವೆಚ್ಚವೆಂದು ಮಾನ್ಯವಾಗುವುದಿಲ್ಲ. ಬ್ಯಾಂಕಿನ ಮೂಲಕವೇ ಪಾವತಿಸಿ.

ಮಹಾಗಾಂವದ ಮಿತ್ರರಿಗೆ ನಾನು ಇಷ್ಟನ್ನೇ ಹೇಳಿದೆ. ಅವರು ಫರ್ಮಿನ ಖಾತೆಯ ವಿಚಾರ ಕೈಬಿಟ್ಟು, ತಲಾ ಪಾಲಿನ ಪಟ್ಟಿ ಮಾಡಿದರು. ಮುಂಗಡ ಕೇಳಿದೊಡನೆ ಹದಿನಾರು ಹೆಸರುಗಳು ಹನ್ನೆರಡಕ್ಕೆ ಇಳಿದವು. ಅವರಿಗೆ ಬೇಸರವಾಯಿತು, ನನಗೆ ಸಮಾಧಾನವಾಯಿತು. ಹನ್ನೆರಡೆಂದರೆ ಸರಿಯಾಗಿ ಮೂರು ಗುಂಪು, ಮರಳಿ ಬಂದ ಮೇಲೆ ಜಗಳವಿಲ್ಲ. ಗೆಳೆತನವೂ ಒಂದು ಬಂಡವಾಳವೇ. ಅದು ಕರಗದಂತೆ ನೋಡಿಕೊಳ್ಳಲು ಹೊರಡುವ ಮೊದಲಿನ ಒಂದು ಪುಟದ ಬರಹ ಸಾಕು.