ಬೈಕಿಗೆ ಬಾಟ್ಲಿ ಪೆಟ್ರೋಲು: ಕಾಯಿಲೆ ಟ್ಯಾಂಕಿನದೋ, ಕಾರ್ಬೊರೇಟರಿನದೋ?

ಬೈಕು ಕೆಮ್ಮಲು ಸುರುವಾದರೆ ಸಾಕು, ನಮ್ಮಲ್ಲಿ ಹೆಚ್ಚಿನವರು ಸ್ಕ್ರೂಡ್ರೈವರ್ ಹಿಡಿದು ನೇರ ಕಾರ್ಬೊರೇಟರಿಗೆ ಕೈ ಹಾಕುತ್ತಾರೆ. ಗ್ಯಾರೇಜಿನವರೂ ಅಷ್ಟೆ. ಆದರೆ ಟ್ಯಾಂಕಿನೊಳಗಿನ ತುಕ್ಕು, ಮಳೆಗಾಲದಲ್ಲಿ ಸೇರಿದ ನೀರು, ಅರ್ಧ ಕಟ್ಟಿಕೊಂಡ ಕಾಕ್, ಮುಚ್ಚಳದ ಗಾಳಿತೂತಿನಲ್ಲಿ ಕೂತ ಮಣ್ಣು - ಇವೆಲ್ಲ ತೋರಿಸುವ ಲಕ್ಷಣವೂ ಹೆಚ್ಚುಕಮ್ಮಿ ಒಂದೇ. ಎಂಜಿನು ಎಳೆಯುವುದಿಲ್ಲ, ನಿಂತಲ್ಲಿ ಆಫ್ ಆಗುತ್ತದೆ. ಟ್ಯಾಂಕಿನ ಕಾಯಿಲೆಗೆ ಕಾರ್ಬೊರೇಟರಿನ ಸ್ಕ್ರೂ ತಿರುಗಿಸುತ್ತಾ ಕೂತರೆ ಸರಿಯಿದ್ದ ಟ್ಯೂನಿಂಗೂ ಕೆಡುತ್ತದೆ.

ಎರಡನ್ನೂ ಬೇರ್ಪಡಿಸಿ ನೋಡಲು ನಾನು ಮಾಡುವ ಉಪಾಯ ಸುಲಭದ್ದು. ಟ್ಯಾಂಕನ್ನು ಪಕ್ಕಕ್ಕಿಟ್ಟು, ಶುದ್ಧ ಪೆಟ್ರೋಲು ತುಂಬಿದ ಸಣ್ಣ ಪಾತ್ರೆಯೊಂದನ್ನು ತೂಗುಹಾಕಿ, ಅದರಿಂದಲೇ ಎಂಜಿನು ಓಡಿಸುವುದು. ಹತ್ತು ನಿಮಿಷ ಚೆನ್ನಾಗಿ ಓಡಿತೋ, ದೋಷ ಟ್ಯಾಂಕಿನ ಕಡೆಯದ್ದು. ಆಗಲೂ ಕೆಮ್ಮಿತೋ, ಕಾರ್ಬೊರೇಟರು, ಪ್ಲಗ್ಗು, ಏರ್ ಫಿಲ್ಟರುಗಳನ್ನು ನೋಡಬೇಕು. ಅರ್ಧ ರೋಗಪತ್ತೆ ಅಲ್ಲಿಗೇ ಮುಗಿಯಿತು.

ಹೊಸ ಬೈಕಿನವರಿಗೆ ಈ ಲೇಖನದ ಉಪಯೋಗವಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಇಂಜೆಕ್ಷನ್ ಬಂತು. ಅದರಲ್ಲಿ ಪಂಪು ಒತ್ತಡದಲ್ಲಿ ಪೆಟ್ರೋಲು ತಳ್ಳುತ್ತದೆ, ಬಾಟ್ಲಿ ಕೆಲಸ ನಡೆಯದು. ಆದರೆ ತೋಟದ ಮನೆಗಳಲ್ಲಿ ಇನ್ನೂ ಹಳೆ ಸಿಡಿ 100, ಸ್ಪ್ಲೆಂಡರ್, ಎಂ80ಗಳು ಗೊಬ್ಬರದ ಮೂಟೆ ಹೊರುತ್ತಿವೆ. ಮದ್ದು ಬಿಡುವ ಪೆಟ್ರೋಲು ಎಂಜಿನಿಗೂ ಇದೇ ಮಾತು ಹೊಂದುತ್ತದೆ.

ಪಾತ್ರೆ ಯಾವುದಾಗಬೇಕು? ನನ್ನ ಮೆಚ್ಚಿನದ್ದು ಹಾಳಾದ ಸ್ಪ್ರೇಯರ್ ಎಂಜಿನಿನ ಪೆಟ್ರೋಲು ಟ್ಯಾಂಕು. ಗುಜರಿಯಲ್ಲಿ ಸಿಗುತ್ತದೆ. ಅದಕ್ಕೆ ಮುಚ್ಚಳದಲ್ಲಿ ಗಾಳಿತೂತು, ಅಡಿಯಲ್ಲಿ ಕಾಕ್ ಎಲ್ಲ ಇರುತ್ತದೆ. ಒಳಗೆ ತುಕ್ಕಿಲ್ಲವೆಂದು ನೋಡಿ ತೊಳೆದರಾಯಿತು. ಅದು ಸಿಗದಿದ್ದರೆ ಅರ್ಧ ಲೀಟರಿನ ಗಟ್ಟಿ ಪ್ಲಾಸ್ಟಿಕ್ ಬಾಟ್ಲಿಯ ಮುಚ್ಚಳಕ್ಕೆ ಹಳೆ ಮೊಪೆಡ್ಡಿನ ಕಾಕ್ ಕೂರಿಸಿ, ಬಾಟ್ಲಿಯನ್ನು ತಲೆಕೆಳಗಾಗಿ ಕಟ್ಟಬಹುದು. ಆಗ ಮೇಲೆ ಬಂದ ಬುಡದಲ್ಲಿ ಸೂಜಿಯಿಂದ ಒಂದು ತೂತು ಮಾಡಲೇಬೇಕು. ಇಲ್ಲದಿದ್ದರೆ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ನೀವು ಕಾರ್ಬೊರೇಟರನ್ನು ಬಯ್ಯುತ್ತೀರಿ. ಮುಚ್ಚಳದ ಬಳಿ ಒಂದು ಹನಿ ಜಿನುಗಿದರೂ ಆ ಬಾಟ್ಲಿ ಬೇಡ.

ಕೆಲವರು ಆಸ್ಪತ್ರೆಯ ಗ್ಲುಕೋಸ್ ಬಾಟ್ಲಿ, ಅದರ ಟ್ಯೂಬು ಬಳಸುತ್ತಾರೆ. ನೋಡಲು ಹೇಳಿ ಮಾಡಿಸಿದ ಹಾಗೇ ಇದೆ. ನನಗೆ ಒಪ್ಪಿಗೆಯಿಲ್ಲ. ಹನಿ ಬೀಳುವ ಸಣ್ಣ ಕೊಳವೆಯಲ್ಲಿ ನಿಧಾನ ಓಟಕ್ಕೆ ಸಾಕಾಗುವಷ್ಟು ಪೆಟ್ರೋಲು ಬಂದೀತು, ಎಕ್ಸಿಲರೇಟರ್ ತಿರುಗಿಸಿದರೆ ಸಾಲದು. ಎಂಜಿನು ಹಸಿದು ಕೆಮ್ಮುತ್ತದೆ, ನಾವು ಜೆಟ್ ಕಟ್ಟಿದೆ ಅಂದುಕೊಳ್ಳುತ್ತೇವೆ. ಆ ಪಿವಿಸಿ ಟ್ಯೂಬು ಪೆಟ್ರೋಲು ತಾಗಿದರೆ ಮೆಲ್ಲಗೆ ಗಟ್ಟಿಯಾಗಿ, ಕೊನೆಗೆ ಸಿಕ್ಕಿಸಿದಲ್ಲಿಂದ ಜಾರುತ್ತದೆ. ಬೈಕ್ ಅಂಗಡಿಯಲ್ಲಿ ಸಿಗುವ ಪೆಟ್ರೋಲು ಪೈಪು ಎರಡಡಿ, ಎರಡು ಕ್ಲಿಪ್, ಒಂದು ಸಣ್ಣ ಫಿಲ್ಟರ್ ತನ್ನಿ. ದೊಡ್ಡ ಖರ್ಚೇನಲ್ಲ.

ಇನ್ನು ಎತ್ತರ. ಇದರಲ್ಲಿ ಎಡವುವವರೇ ಹೆಚ್ಚು. ಕಾರ್ಬೊರೇಟರಿನ ಬಟ್ಟಲೊಳಗೆ ಒಂದು ತೇಲು, ಅದರ ಮೇಲೆ ಒಂದು ಸೂಜಿ. ಬಟ್ಟಲು ತುಂಬಿದಾಗ ತೇಲು ಮೇಲೆದ್ದು ಸೂಜಿ ದಾರಿ ಮುಚ್ಚುತ್ತದೆ. ಟ್ಯಾಂಕಿನ ಎತ್ತರದಿಂದ ಬೀಳುವ ಪೆಟ್ರೋಲನ್ನು ತಡೆಯುವಷ್ಟು ಬಲ ಅದಕ್ಕಿದೆ. ಪಾತ್ರೆಯನ್ನು ಆಳೆತ್ತರದಲ್ಲಿ ಕಟ್ಟಿದರೆ ಒತ್ತಡ ಹೆಚ್ಚಿ, ಸವೆದ ಸೂಜಿ ಸೋಲುತ್ತದೆ. ಪೆಟ್ರೋಲು ಉಕ್ಕಿ ಬಿಸಿ ಎಂಜಿನಿನ ಮೇಲೆ ಸುರಿಯುತ್ತದೆ. ಪಾತ್ರೆಯ ಪೆಟ್ರೋಲು ಮಟ್ಟ ಕಾರ್ಬೊರೇಟರಿಗಿಂತ ಒಂದು, ಹೆಚ್ಚೆಂದರೆ ಒಂದೂವರೆ ಅಡಿ ಮೇಲಿರಲಿ. ಅಂದರೆ ಟ್ಯಾಂಕು ಇದ್ದ ಮಟ್ಟದಲ್ಲೇ. ಬೈಕಿನ ಪಕ್ಕ ಒಂದು ಗೂಟ ಊರಿ ಕಟ್ಟಿ. ಸೈಲೆನ್ಸರ್ ಇರುವ ಬದಿ ಬೇಡ. ಪೈಪು ಎಲ್ಲೂ ಮಡಚಬಾರದು, ಎಂಜಿನಿನ ರೆಕ್ಕೆಗಳಿಗೆ ತಾಗಬಾರದು.

ಪೆಟ್ರೋಲು 200 ಮಿಲಿ ಧಾರಾಳ ಸಾಕು. ಹೆಚ್ಚು ಹಾಕಿದರೆ ಅಪಾಯವೂ ಹೆಚ್ಚು. ಪರೀಕ್ಷೆಗೆ ಸಂಶಯದ ಟ್ಯಾಂಕಿನ ಪೆಟ್ರೋಲೇ ಹಾಕಿದರೆ ಏನೂ ತಿಳಿಯದು, ಚೆನ್ನಾಗಿ ಓಡುವ ಇನ್ನೊಂದು ಬೈಕಿನಿಂದ ಕಾಕ್ ಮೂಲಕ ಇಳಿಸಿಕೊಳ್ಳಿ. ಬಾಯಿಯಿಂದ ಪೈಪು ಎಳೆಯುವ ಚಾಳಿ ಇನ್ನೂ ಹೋಗಿಲ್ಲ. ಒಂದು ಗುಟುಕು ಶ್ವಾಸಕೋಶಕ್ಕಿಳಿದರೆ ಆಸ್ಪತ್ರೆಯೇ ಗತಿ. ರಾಜದೂತ್‌ನಂಥ ಪೆಟ್ರೋಲಿಗೇ ಎಣ್ಣೆ ಬೆರೆಸುವ ಟೂ ಸ್ಟ್ರೋಕ್ ಗಾಡಿಯಾದರೆ ಈ 200 ಮಿಲಿಗೂ ಅದೇ ಪ್ರಮಾಣದಲ್ಲಿ ಎಣ್ಣೆ ಬೇಕು, ಮರೆಯಬೇಡಿ. ಕೆಲವು ಸ್ಕೂಟರುಗಳ ಕಾಕ್‌ಗೆ ಎರಡು ಪೈಪು ಇರುತ್ತದೆ, ಒಂದು ಎಂಜಿನಿನ ಎಳೆತದಿಂದ ಕಾಕ್ ತೆರೆಯುವಂಥದ್ದು. ಟ್ಯಾಂಕು ತೆಗೆದಾಗ ಎಂಜಿನಿನ ಕಡೆಯ ಆ ತುದಿಯನ್ನು ಬಿಗಿಯಾಗಿ ಮುಚ್ಚದಿದ್ದರೆ ಗಾಳಿ ನುಗ್ಗಿ ಟ್ಯೂನಿಂಗ್ ಎಲ್ಲ ಸುಳ್ಳಾಗುತ್ತದೆ.

ಜಾಗದ ವಿಷಯ ಬಿಡಿಸಿ ಹೇಳಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಹೋಗುತ್ತದೆ. ಬಚ್ಚಲ ಒಲೆಯ ಕೆಂಡ ದೂರದಲ್ಲಿದೆ ಎಂಬ ಧೈರ್ಯ ಬೇಡ. ಕೊಟ್ಟಿಗೆಯ ಹತ್ತಿರ, ಬೈಹುಲ್ಲಿನ ಬದಿ, ಸೋಗೆ ಚಪ್ಪರದಡಿ ಈ ಕೆಲಸ ಸಲ್ಲ. ತೆರೆದ ಅಂಗಳವೇ ಸರಿ. ಒಂದು ಬಕೆಟ್ ಒಣ ಹೊಯಿಗೆ, ಒಂದು ಒದ್ದೆ ಗೋಣಿ ಕೈಗೆಟಕುವಲ್ಲಿರಲಿ. ಬೆಂಕಿಗೆ ನೀರೆರಚಿದರೆ ಪೆಟ್ರೋಲು ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ. ಓಡುತ್ತಿರುವಾಗ ಪಾತ್ರೆಗೆ ಮತ್ತೆ ಪೆಟ್ರೋಲು ಸುರಿಯಬೇಡಿ. ಪ್ಲಗ್ಗಿನ ಕಿಡಿ ಪರೀಕ್ಷೆ ಬೇಕಿದ್ದರೆ ಪಾತ್ರೆ ಕಟ್ಟುವ ಮೊದಲೇ ಮುಗಿಸಿ. ಬಾಟ್ಲಿ ಹ್ಯಾಂಡಲಿಗೆ ಕಟ್ಟಿ ಪೇಟೆವರೆಗೆ ಬೈಕು ಬಿಡುವ ಸಾಹಸಿಗಳೂ ಇದ್ದಾರೆ. ಬೀಳಲು ಒಂದು ನಾಯಿ ಅಡ್ಡ ಬಂದರೆ ಸಾಕು.

ನೆರೆಮನೆಯವರ ಸ್ಪ್ಲೆಂಡರ್ ನಾಲ್ಕೈದು ಕಿಲೋಮೀಟರ್ ಓಡಿದ ಮೇಲೆ ನಿಲ್ಲುತ್ತಿತ್ತು, ಸ್ವಲ್ಪ ಬಿಟ್ಟು ಮತ್ತೆ ಹೊರಡುತ್ತಿತ್ತು. ಗ್ಯಾರೇಜಿನಲ್ಲಿ ಎರಡು ಸಲ ಕಾರ್ಬೊರೇಟರ್ ಬಿಚ್ಚಿ ಜೆಟ್ ಬದಲಿಸಿದ್ದರು. ನಮ್ಮ ಅಂಗಳದಲ್ಲಿ ಪಾತ್ರೆ ಕಟ್ಟಿದೆವು, ಇಪ್ಪತ್ತು ನಿಮಿಷ ಕದಲದೆ ಓಡಿತು. ಟ್ಯಾಂಕು ಕೂರಿಸಿ ಓಡಿಸಿದಾಗ ಮತ್ತೆ ನಿಂತಿತು. ಮುಚ್ಚಳ ತೆರೆದರೆ 'ಸುಂಯ್' ಎಂದು ಗಾಳಿ ಒಳಗೆಳೆಯಿತು. ಗಾಳಿತೂತಿನಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಒಂದು ಸೂಜಿಯ ಕೆಲಸ.

ಟ್ಯಾಂಕಿನಲ್ಲಿ ನೀರಿದೆಯೋ ತಿಳಿಯಲು ಅದರ ಅಡಿಯ ಪೆಟ್ರೋಲನ್ನು ಪಾರದರ್ಶಕ ಬಾಟ್ಲಿಗೆ ಇಳಿಸಿ ಅರ್ಧ ಗಂಟೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅದೇ ಕಳ್ಳ. ಎಥೆನಾಲ್ ಬೆರೆಸಿದ ಪೆಟ್ರೋಲು ಬಂದ ಮೇಲೆ ಇದು ಹೆಚ್ಚು. 2025ರಲ್ಲಿ ದೇಶದಲ್ಲಿ ಬೆರಕೆ ಶೇ. 20ಕ್ಕೆ ಮುಟ್ಟಿತು. ಎಥೆನಾಲ್ ನೀರನ್ನು ಹೀರುತ್ತದೆ, ನೀರು ಹೆಚ್ಚಾದಾಗ ಎರಡೂ ಕೂಡಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಕಾಕ್ ಇರುವುದೂ ತಳದಲ್ಲೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಎಂಜಿನಿನ ಟ್ಯಾಂಕು, ಕಾರ್ಬೊರೇಟರ್ ಎರಡನ್ನೂ ಬರಿದು ಮಾಡಿ ಇಡುವುದು ಲೇಸು. ಟ್ಯಾಂಕಿಗೆ ವೆಲ್ಡಿಂಗ್ ಬೇಕಿದ್ದರೆ ಅದು ಬಲ್ಲವರ ಕೆಲಸ. ಖಾಲಿ ಟ್ಯಾಂಕಿನೊಳಗಿನ ಆವಿ ಸಿಡಿಯುತ್ತದೆ.

ಬಾಟ್ಲಿಯಲ್ಲೂ ಕೆಮ್ಮಿದರೆ ಮಾತ್ರ ಟ್ಯೂನಿಂಗ್. ಮೊದಲು ಏರ್ ಫಿಲ್ಟರ್ ಶುಚಿ ಮಾಡಿ ಅದರ ಜಾಗದಲ್ಲೇ ಕೂರಿಸಿ, ಪ್ಲಗ್ ಉಜ್ಜಿ. ಎಂಜಿನು ಹತ್ತು ನಿಮಿಷ ಓಡಿ ಬಿಸಿಯಾಗಲಿ, ಚೋಕ್ ಪೂರ್ತಿ ತೆಗೆದಿರಲಿ. ಇರುವುದು ಎರಡು ಸ್ಕ್ರೂ. ದೊಡ್ಡದು ನಿಧಾನ ಓಟದ್ದು, ಸಣ್ಣದು ಮಿಶ್ರಣದ್ದು. ಸಣ್ಣದನ್ನು ಮೆಲ್ಲಗೆ ಕೊನೆವರೆಗೆ ಒಳಗೆ ತಿರುಗಿಸಿ - ಬಿಗಿದರೆ ತುದಿ ಮುರಿದೀತು - ಅಲ್ಲಿಂದ ಒಂದೂವರೆ ಸುತ್ತು ಹೊರಗೆ ತನ್ನಿ. ಎಂಜಿನು ಚಾಲೂ ಮಾಡಿ, ಕಾಲು ಕಾಲು ಸುತ್ತು ಆಚೀಚೆ ತಿರುಗಿಸುತ್ತಾ ಸದ್ದು ಅತಿ ಚುರುಕಾಗುವ ಜಾಗ ಹುಡುಕಿ. ಓಟ ಹೆಚ್ಚಾದರೆ ದೊಡ್ಡ ಸ್ಕ್ರೂನಿಂದ ಇಳಿಸಿ. ಹೀಗೇ ಎರಡು ಸಲ. ಎಕ್ಸಿಲರೇಟರ್ ತಟ್ಟನೆ ತಿರುಗಿಸಿ ಬಿಟ್ಟಾಗ ಎಂಜಿನು ತಡವರಿಸದೆ ಏರಿ, ಆಫ್ ಆಗದೆ ಇಳಿಯಬೇಕು.

ಯಾವ ಕಡೆ ತಿರುಗಿಸಿದರೆ ಪೆಟ್ರೋಲು ಹೆಚ್ಚುತ್ತದೆ ಎಂಬುದು ಸ್ಕ್ರೂ ಇರುವ ಜಾಗದ ಮೇಲಿದೆ. ಅದು ಏರ್ ಫಿಲ್ಟರಿನ ಬದಿಯಲ್ಲಿದ್ದರೆ ಗಾಳಿಯ ಸ್ಕ್ರೂ, ಒಳಗೆ ತಿರುಗಿಸಿದರೆ ಗಾಳಿ ಕಮ್ಮಿಯಾಗಿ ಮಿಶ್ರಣ ದಪ್ಪ. ಎಂಜಿನಿನ ಬದಿಯಲ್ಲಿದ್ದರೆ ಪೆಟ್ರೋಲಿನ ಸ್ಕ್ರೂ, ಹೊರಗೆ ತಿರುಗಿಸಿದರೆ ದಪ್ಪ. ಎಥೆನಾಲ್ ಬೆರಕೆಯ ಪೆಟ್ರೋಲಿಗೆ ಹಳೆ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಹಾಗಾಗಿ ದಪ್ಪದ ಕಡೆಗೆ ಕಾಲು ಸುತ್ತು ಜಾಸ್ತಿ ಬೇಕಾದೀತು. ಎರಡು ದಿನ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಕಾಫಿ ಬಣ್ಣವಿದ್ದರೆ ಸರಿ. ಮಸಿ ಹಿಡಿದಿದ್ದರೆ ದಪ್ಪ, ಬೂದಿಯಂತೆ ಬಿಳುಚಿದ್ದರೆ ತೆಳು. ತೆಳುವಿನಲ್ಲೇ ಏರು ದಾರಿಯಲ್ಲಿ ಭಾರ ಎಳೆಸಿದರೆ ಎಂಜಿನು ಬಿಸಿಯಾಗಿ ಪಿಸ್ಟನ್ ಕೆಡಬಹುದು.

ಬಿಚ್ಚುವಾಗ ಕಾಕ್ ಮುಚ್ಚಿ, ಎಂಜಿನು ತಾನಾಗಿ ನಿಲ್ಲುವವರೆಗೆ ಓಡಲಿ. ಬಟ್ಟಲು, ಪೈಪು ಎರಡೂ ಬರಿದಾಗುತ್ತವೆ, ಚೆಲ್ಲುವ ಭಯವಿಲ್ಲ. ಉಳಿದ ಪೆಟ್ರೋಲನ್ನು ಕೂಡಲೇ ಬೈಕಿನ ಟ್ಯಾಂಕಿಗೆ ಸೋಸಿ ಹಾಕಿ. ನೀರಿನ ಬಾಟ್ಲಿಯಂತೆ ಕಾಣುವುದರಲ್ಲಿ ಪೆಟ್ರೋಲು ಉಳಿಸಿ ಜಗಲಿಯಲ್ಲಿಡಬಾರದು, ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಕೂಡದು.