ಹ್ಯಾಂಡ್ ಬ್ರೇಕ್ ಪರೀಕ್ಷೆ: ಶೇಕಡಾವಾರು ಯಾವುದರ ಮೇಲೆ?

ಸಣ್ಣ ಕೈಗಾರಿಕೋದ್ಯಮಿಯೊಬ್ಬರ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದಾಗ, ಐದು ದಿನಗಳ ಬಾಡಿಗೆ ಲಾರಿಯ ಬಿಲ್ಲುಗಳು ಕಣ್ಣಿಗೆ ಬಿದ್ದವು. ಸ್ವಂತ ಸರಕು ವಾಹನವಿರುವಾಗ ಈ ವೆಚ್ಚವೇಕೆ ಎಂದು ವಿಚಾರಿಸಿದೆ. ಎಫ್.ಸಿ. ನವೀಕರಣಕ್ಕೆ ಒಯ್ದ ವಾಹನವು ಹ್ಯಾಂಡ್ ಬ್ರೇಕ್ ಪರೀಕ್ಷೆಯಲ್ಲಿ ಅನುತ್ತೀರ್ಣವಾಗಿತ್ತು. "ಗಾಡಿ ಚೆನ್ನಾಗಿಯೇ ನಿಲ್ಲುತ್ತದೆ ಸಾರ್, ಆದರೂ ಫೇಲ್ ಮಾಡಿದರು" ಎಂಬುದು ಅವರ ಅಳಲು. ಈ ಅಳಲು ನಮ್ಮ ಅನೇಕ ಸದಸ್ಯರದೂ ಹೌದು. ಆದುದರಿಂದ ನಿಯಮವು ನಿಜಕ್ಕೂ ಏನನ್ನು ಕೇಳುತ್ತದೆ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ನಿಯಮದ ಆಶಯ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೆಯ ನಿಯಮದಂತೆ, ದ್ವಿಚಕ್ರ ವಾಹನ, ಟ್ರೈಲರ್ ಮುಂತಾದ ಕೆಲವನ್ನು ಹೊರತುಪಡಿಸಿ, ಪ್ರತಿ ಮೋಟಾರು ವಾಹನಕ್ಕೂ ಎರಡು ಸ್ವತಂತ್ರ ಬ್ರೇಕ್ ವ್ಯವಸ್ಥೆಗಳಿರಬೇಕು: ಕಾಲಿನಿಂದ ಒತ್ತುವ ಬ್ರೇಕ್ ಒಂದು, ನಿಲುಗಡೆಯ ಬ್ರೇಕ್ ಇನ್ನೊಂದು. ಕಾಲಿನ ಬ್ರೇಕ್ ಎಷ್ಟೇ ಉತ್ತಮವಾಗಿದ್ದರೂ ಅದು ಹ್ಯಾಂಡ್ ಬ್ರೇಕಿನ ಕೊರತೆಯನ್ನು ತುಂಬಲಾರದು. ಬ್ರೇಕ್ ವ್ಯವಸ್ಥೆಯು ವಾಹನವನ್ನು ಎಲ್ಲ ಸಂದರ್ಭಗಳಲ್ಲಿಯೂ ನಿಶ್ಚಲವಾಗಿ ಹಿಡಿದಿಡುವಷ್ಟು ಬಲವುಳ್ಳದ್ದಾಗಿರಬೇಕೆಂಬುದೂ ಅದೇ ನಿಯಮದ ಆಶಯ. ಅರ್ಥೈಸುವಿಕೆಯ ತಿರುಳು ಇರುವುದು "ಎಲ್ಲ ಸಂದರ್ಭ" ಎಂಬ ಈ ಮಾತಿನಲ್ಲಿ. ಸಮತಟ್ಟಾದ ಅಂಗಳದಲ್ಲಿ ಖಾಲಿ ವಾಹನ ನಿಲ್ಲುವುದು ಒಂದು ಸಂದರ್ಭ ಮಾತ್ರ. ಪೂರ್ಣ ಸರಕು ಹೇರಿಕೊಂಡು ಇಳಿಜಾರಿನಲ್ಲಿ ನಿಲ್ಲುವುದೂ ಒಂದು ಸಂದರ್ಭವೇ.

ಲೆಕ್ಕದ ಮೂಲಾಂಶ

ಸಾಂಪ್ರದಾಯಿಕ ಪರಿಶೀಲನೆಯಲ್ಲಿ ನಿರೀಕ್ಷಕರು ಹ್ಯಾಂಡ್ ಬ್ರೇಕ್ ಎಳೆಸಿ, ವಾಹನ ಕದಲುವುದೋ ಇಲ್ಲವೋ ಎಂದು ನೋಡುತ್ತಾರೆ. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ 2021ರಲ್ಲಿ ನಿಯಮಗಳು ಬಂದವು. ಅಲ್ಲಿ ಚಕ್ರಗಳನ್ನು ರೋಲರುಗಳ ಮೇಲೆ ತಿರುಗಿಸಿ, ಬ್ರೇಕಿನ ಬಲವನ್ನು ಯಂತ್ರವೇ ಅಳೆಯುತ್ತದೆ. ಈ ಬಲವನ್ನು ವಾಹನದ ತೂಕಕ್ಕೆ ಹೋಲಿಸಿ ಶೇಕಡಾವಾರು ತೆಗೆಯುವುದು ರೂಢಿ. ತೆರಿಗೆಯ ದರವನ್ನು ಕೇಳುವ ಮೊದಲು ಅದು ಯಾವ ಮೌಲ್ಯದ ಮೇಲೆ ಎಂದು ಕೇಳುವವರು ನಾವು. ಇಲ್ಲಿಯೂ ಅದೇ ಪ್ರಶ್ನೆ ಏಳುತ್ತದೆ.

ಐರೋಪ್ಯ ಒಕ್ಕೂಟದ 2014ರ ನಿರ್ದೇಶನವು ಇದಕ್ಕೆ ಸ್ಪಷ್ಟ ಉತ್ತರ ನೀಡುತ್ತದೆ. ಹ್ಯಾಂಡ್ ಬ್ರೇಕಿನ ಬಲವು ವಾಹನದ ಅನುಮತಿತ ಗರಿಷ್ಠ ತೂಕದ ಕನಿಷ್ಠ ಶೇ. 16ರಷ್ಟಿರಬೇಕು. ಅದರ ಅರ್ಧಕ್ಕಿಂತಲೂ ಕಡಿಮೆಯಾದರೆ ದೋಷವನ್ನು "ಅಪಾಯಕಾರಿ" ಎಂದು ಪರಿಗಣಿಸಲಾಗುತ್ತದೆ.

ಉದಾಹರಣೆಗೆ, ಒಟ್ಟು ತೂಕ 7,500 ಕೆ.ಜಿ. ಹಾಗೂ ಖಾಲಿ ತೂಕ 3,000 ಕೆ.ಜಿ. ಇರುವ ಸರಕು ವಾಹನವೊಂದನ್ನು ಪರಿಗಣಿಸೋಣ. ಯಂತ್ರವು ತೋರಿದ ಬಲ 540 ಕೆ.ಜಿ. ಎಂದಿಟ್ಟುಕೊಳ್ಳೋಣ. ಖಾಲಿ ತೂಕದ ಮೇಲೆ ಇದು ಶೇ. 18, ಮಾಲೀಕರ ದೃಷ್ಟಿಯಲ್ಲಿ ತೃಪ್ತಿಕರ. ಒಟ್ಟು ತೂಕದ ಮೇಲೆ ಇದು ಕೇವಲ ಶೇ. 7.2. ಬೇಕಾದ ಬಲ 1,200 ಕೆ.ಜಿ. ಅಂದರೆ, ನೂರು ಅಡಿಗೆ ಸುಮಾರು ಏಳು ಅಡಿಗಿಂತ ಹೆಚ್ಚು ಏರುವ ಇಳಿಜಾರಿನಲ್ಲಿ, ತುಂಬಿದ ಈ ವಾಹನವನ್ನು ಹ್ಯಾಂಡ್ ಬ್ರೇಕ್ ಒಂದೇ ಹಿಡಿದಿಡಲಾರದು. ಹಿಂಬದಿಯಲ್ಲಿ ಮೂಟೆ ಇಳಿಸುವ ಹಮಾಲರು ನಿಂತಿರುತ್ತಾರೆಂಬುದನ್ನು ನೆನೆದರೆ, ಶೇಕಡಾವಾರು ಕೇವಲ ಕಾಗದದ ಅಂಕಿಯಾಗಿ ಉಳಿಯುವುದಿಲ್ಲ.

ಮಾಲೀಕರ ವಾದದಲ್ಲಿಯೂ ಒಂದು ನ್ಯಾಯವಿದೆ. ಖಾಲಿ ವಾಹನದ ಹಿಂದಿನ ಚಕ್ರಗಳ ಮೇಲೆ ಭಾರ ಕಡಿಮೆ. ಆದುದರಿಂದ ಬ್ರೇಕ್ ಸದೃಢವಾಗಿದ್ದರೂ, 1,200 ಕೆ.ಜಿ. ಮುಟ್ಟುವ ಮೊದಲೇ ಚಕ್ರಗಳು ಲಾಕ್ ಆಗಿ ರೋಲರಿನ ಮೇಲೆ ಜಾರಬಹುದು. ಅದು ಹಿಡಿತದ ಮಿತಿಯೇ ಹೊರತು ಬ್ರೇಕಿನ ದೋಷವಲ್ಲ. ಬ್ರಿಟನ್ನಿನ ಎಂ.ಒ.ಟಿ. ಪರೀಕ್ಷೆಯಲ್ಲಿ, ಹ್ಯಾಂಡ್ ಬ್ರೇಕ್ ಇರುವ ಚಕ್ರಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಲಾಕ್ ಆದರೆ ಉತ್ತೀರ್ಣವೆಂದು ಪರಿಗಣಿಸಲಾಗುತ್ತದೆ. ಆದುದರಿಂದ ಫಲಿತಾಂಶ ಕೈಸೇರಿದಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ಶೇಕಡಾವಾರು ಯಾವ ತೂಕದ ಮೇಲೆ? ವಾಹನ ಖಾಲಿಯಿತ್ತೋ, ಸರಕು ಇತ್ತೋ? ಚಕ್ರಗಳು ಲಾಕ್ ಆದವೋ, ಇಲ್ಲವೋ?

ಪರಿಣಾಮಗಳು

1988ರ ಮೋಟಾರು ವಾಹನ ಅಧಿನಿಯಮದ 56ನೆಯ ಪ್ರಕರಣದಂತೆ, ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನದ ನೋಂದಣಿಯೇ ಕ್ರಮಬದ್ಧವೆನಿಸುವುದಿಲ್ಲ. 2018ರ ತಿದ್ದುಪಡಿಯ ಪ್ರಕಾರ, ನವೀಕರಣವು ಎಂಟು ವರ್ಷದವರೆಗಿನ ವಾಹನಗಳಿಗೆ ಎರಡು ವರ್ಷ ಹಾಗೂ ಅದಕ್ಕಿಂತ ಹಳೆಯವಕ್ಕೆ ಒಂದು ವರ್ಷ ಸಿಂಧುವಾಗಿರುತ್ತದೆ. ಅವಧಿ ಮೀರಿದ ವಾಹನವು ಅಪಘಾತಕ್ಕೀಡಾದರೆ ವಿಮಾ ಪರಿಹಾರವೂ ವಿವಾದಕ್ಕೆ ಸಿಲುಕುತ್ತದೆ. ಅರ್ಹತಾ ಪತ್ರವಿಲ್ಲದಿರುವುದು ವಿಮಾ ಕರಾರಿನ ಮೂಲಭೂತ ಉಲ್ಲಂಘನೆ ಎಂದು ಕೇರಳ ಉಚ್ಚ ನ್ಯಾಯಾಲಯದ ಪೂರ್ಣ ಪೀಠವು 2018ರಲ್ಲಿ ತೀರ್ಪಿತ್ತಿದೆ. ಒಂದು ಕೇಬಲ್ಲಿನ ಬೆಲೆಯನ್ನು ಈ ಹೊಣೆಯೊಂದಿಗೆ ತೂಗಿ ನೋಡಬೇಕು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಅವಧಿ ಮುಗಿಯುವ ಒಂದು ತಿಂಗಳ ಮೊದಲೇ ಬ್ರೇಕುಗಳನ್ನು ತಪಾಸಣೆ ಮಾಡಿಸಿ. ಕೊನೆಯ ದಿನ ಹೋದರೆ, ದುರಸ್ತಿಯ ದಿನಗಳೆಲ್ಲವೂ ನಷ್ಟದ ಬಾಬ್ತಿಗೆ ಸೇರುತ್ತವೆ.

2. ಲೈನರ್ ಸವೆದಿರುವಾಗ ಕೇಬಲನ್ನಷ್ಟೇ ಬಿಗಿ ಮಾಡಿಸಬೇಡಿ. ಲಿವರ್ ಗಟ್ಟಿಯೆನಿಸಿದರೂ ಚಕ್ರದಲ್ಲಿ ಬಲವಿರುವುದಿಲ್ಲ.

3. ಎರಡೂ ಬದಿಯ ಚಕ್ರಗಳನ್ನು ಪ್ರತ್ಯೇಕವಾಗಿ ನೋಡಿಸಿ. ಏರ್ ಬ್ರೇಕ್ ವಾಹನಗಳಲ್ಲಿ ನಿಲುಗಡೆಯ ಹಿಡಿತ ಸ್ಪ್ರಿಂಗಿನದು. ಗಾಳಿ ಬಿಟ್ಟಾಗ ಅದು ಪೂರ್ಣವಾಗಿ ಹಿಡಿಯುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

4. ಫಲಿತಾಂಶದ ಪ್ರತಿ ಹಾಗೂ ದುರಸ್ತಿಯ ಬಿಲ್ಲನ್ನು ಒಂದೇ ಕಡತದಲ್ಲಿಡಿ. ಮರುಪರೀಕ್ಷೆಗೂ, ಮೇಲ್ಮನವಿಗೂ, ವಿಮೆಗೂ ಇವೇ ಆಧಾರ.

ಆರಂಭದಲ್ಲಿ ಹೇಳಿದ ಉದ್ಯಮಿಯ ವಾಹನದ ಡ್ರಮ್ ಬಿಚ್ಚಿಸಿದಾಗ, ಎಡಬದಿಯ ಲೈನರ್ ಎಣ್ಣೆಯಲ್ಲಿ ತೊಯ್ದಿತ್ತು. ಒಂದೇ ಚಕ್ರ ಹಿಡಿಯುತ್ತಿತ್ತು. ಅವರ ಕಾರ್ಖಾನೆಯ ಅಂಗಳ ಸಮತಟ್ಟಾಗಿದ್ದುದರಿಂದ ಇಷ್ಟು ದಿನ ಅದು ತಿಳಿದಿರಲಿಲ್ಲ. ಐದು ದಿನದ ಬಾಡಿಗೆಯನ್ನು ಅವರು ಈಗ ನಷ್ಟವೆಂದು ಹೇಳುವುದಿಲ್ಲ.